ಟಾರ್ಪಾಲ್ ಇಳಿಸೋಕೆ ಮುಂಚೆ ಒಂದ್ಸಲ ಬನ್ನಿ: ಫೈಬರ್ ಬೋಟ್ ಶೆಡ್‌ಗಳ ಬಗ್ಗೆ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ.

ವಿಷಯ: ಮಳೆಗಾಲದಲ್ಲಿ ಫೈಬರ್ ಕೆಲಸ ನಡೆಯೋ ಬೋಟ್ ಶೆಡ್‌ಗಳಲ್ಲಿ ಬೆಂಕಿ, ಸ್ಫೋಟದ ಅಪಾಯ.

ಮಾನ್ಯರೇ,

ಅರ್ಜಿ ಬರೆಯೋ ಸರ್ಕಾರಿ ಕನ್ನಡ ನಂಗೆ ಬರಲ್ಲ, ಮಾತಾಡೋ ಹಾಗೇ ಬರೀತಿದೀನಿ, ತಾವು ಹೊಟ್ಟೆಗೆ ಹಾಕ್ಕೋಬೇಕು. ನಾನು ಅಂಕೋಲಾ ಕಡೆಯವ. 17ನೇ ವಯಸ್ಸಿಗೆ ಫೈಬರ್ ಬೋಟ್ ಶೆಡ್‌ಗೆ ರೋಲರ್ ತೊಳೆಯೋ ಹುಡುಗ ಅಂತ ಸೇರಿ ಅಲ್ಲೇ 11 ವರ್ಷ ಮ್ಯಾಟ್ (ಗಾಜಿನ ನಾರಿನ ಹಾಸು) ಹಾಸಿ ರೆಸಿನ್ (ಹೊಡೆದ ಮೇಲೆ ಗಟ್ಟಿಯಾಗೋ ಅಂಟು ದ್ರವ) ಹೊಡೆದೆ, ಆಮೇಲೆ 6 ವರ್ಷ ಗಲ್ಫ್‌ನ ಒಂದು ಶಿಪ್‌ಯಾರ್ಡ್, ಈಗ ಕಾರವಾರದಲ್ಲಿ ಔಟ್‌ಬೋರ್ಡ್ ಎಂಜಿನ್ ರಿಪೇರಿ ಅಂಗಡಿ ಇಟ್ಕೊಂಡು ಕೂತಿದೀನಿ. ಕೆಳಗೆ ಬರೆದಿರೋ ತಪ್ಪುಗಳಲ್ಲಿ ಅರ್ಧಕ್ಕರ್ಧ ನಾನೇ ಒಂದಿಲ್ಲೊಂದು ದಿನ ಮಾಡಿದವು. ಅದಕ್ಕೇ ಯಾರ ಹೆಸರೂ ಹಾಕಿಲ್ಲ, ಹೆಸರು ಹಾಕಿದ್ರೆ ಒಬ್ಬನ ಮೇಲೆ ಕೇಸಾಗಿ ಉಳಿದವರೆಲ್ಲ ನಮಗಲ್ಲ ಬಿಡು ಅಂತ ನಿದ್ದೆ ಮಾಡ್ತಾರೆ.

ತಮಗೆ ಗೊತ್ತಿರೋ ಹಾಗೆ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟ್ ಕಡಲಿಗೆ ಇಳಿಯೋ ಹಾಗಿಲ್ಲ. ಬೋಟಿನ ರಿಪೇರಿ ಎಲ್ಲ ಆ 61 ದಿನದಲ್ಲೇ ಆಗ್ಬೇಕು. ಒಡೆದ ಫೈಬರ್‌ಗೆ ಪ್ಯಾಚ್ ಹಾಕೋದು, ಮರದ ಬೋಟಿಗೆ ಫೈಬರ್ ಹೊದಿಸೋದು, ಮೀನು-ಐಸ್ ತುಂಬೋ ಒಳಗಿನ ಹೊಟ್ಟೆಗೆ ಹೊಸ ಕೋಟ್ ಹೊಡೆಯೋದು, ಎಲ್ಲ. ನಮ್ಮ ಕರಾವಳಿ ಮಳೆ ಎಂಥದ್ದು ಅಂತ ನಾನು ಹೇಳ್ಬೇಕಾಗಿಲ್ಲ. ರೆಸಿನ್‌ಗೆ ನೀರು ತಾಗಿದ್ರೆ ಕೆಲಸ ಹಾಳು, ಅದಕ್ಕೆ ಶೆಡ್ ಸುತ್ತ ನೀಲಿ ಟಾರ್ಪಾಲ್ ಇಳಿಸಿ ಬುಡಕ್ಕೆ ಕಲ್ಲು ಹೇರ್ತಾರೆ. ಗಾಳಿ ಬಂದ್. ತಂಡಿ ಹವೆಗೆ ರೆಸಿನ್ ಬೇಗ ಗಟ್ಟಿಯಾಗಲ್ಲ ಅಂತ ಅದನ್ನ ಗಟ್ಟಿ ಮಾಡೋ ಕೆಟಲಿಸ್ಟ್ ಎರಡು ಮುಚ್ಚಳ ಜಾಸ್ತಿ ಹಾಕ್ತಾರೆ, ಮೇಲಿಂದ ಹ್ಯಾಲೋಜೆನ್ ಲೈಟ್ ಹಚ್ಚಿ ಬಿಸಿ ಕೊಡ್ತಾರೆ. ಆಗಸ್ಟ್ 1ಕ್ಕೆ ಬೋಟ್ ನೀರಲ್ಲಿರ್ಬೇಕು ಅಂತ ಬೋಟ್ ಮಾಲೀಕ ದಿನಕ್ಕೆ ನಾಲ್ಕು ಸಲ ಫೋನ್ ಮಾಡ್ತಾನೆ. ಅಂದ್ರೆ ವರ್ಷದಲ್ಲಿ ಯಾವ ಎರಡು ತಿಂಗಳು ಶೆಡ್‌ನ ಬಾಗಿಲು ಮುಚ್ಚಿರುತ್ತೋ ಅದೇ ಎರಡು ತಿಂಗಳು ಒಳಗೆ ಅತಿ ಹೆಚ್ಚು ರೆಸಿನ್, ಅತಿ ಹೆಚ್ಚು ಅಸಿಟೋನ್ (ರೆಸಿನ್ ಅಂಟು ತೊಳೆಯೋ, ಬೇಗ ಆವಿಯಾಗೋ ದ್ರವ), ಅತಿ ಹೆಚ್ಚು ಅವಸರ.

ಹೋದ ವರ್ಷ ಜುಲೈ ಮೂರನೇ ವಾರ ಇಂಥದ್ದೇ ಒಂದು ಶೆಡ್‌ನಲ್ಲಿ ನನ್ನ ಚಿಕ್ಕಪ್ಪನ ಮಗ, ನಂಗೆ ತಮ್ಮ ಆಗ್ಬೇಕು, ಸುಟ್ಕೊಂಡ. ಎಂಜಿನ್ ಫಿಟ್ಟಿಂಗ್‌ನ ಅಳತೆ ತಗೊಳ್ಳೋಕೆ ಅಂತ ನಾನೂ ಹೋಗಿದ್ದೆ, ಬೋಟಿನಿಂದ 20 ಅಡಿ ದೂರ ನಿಂತಿದ್ದೆ, ಕಣ್ಣಾರೆ ಕಂಡದ್ದನ್ನೇ ಹೇಳ್ತೀನಿ. ಅವನು ಬೋಟಿನ ಹೊಟ್ಟೆ ಒಳಗೆ ಕುಕ್ಕರಗಾಲಲ್ಲಿ ಕೂತು ಮ್ಯಾಟ್ ಮೇಲೆ ರೋಲರ್ ಓಡಿಸ್ತಿದ್ದ. ಪಕ್ಕದಲ್ಲಿ 5 ಲೀಟರ್ ಎಣ್ಣೆ ಕ್ಯಾನನ್ನ ಅಡ್ಡ ಕೊಯ್ದು ಅದ್ರಲ್ಲಿ ಅಸಿಟೋನ್, ರೋಲರ್ ಅದ್ದೋಕೆ, ಕೈ ಅಂಟಾದ್ರೆ ತೊಳೆಯೋಕೆ. ತಲೆ ಮೇಲೆ 500 ವ್ಯಾಟ್‌ನ ಹ್ಯಾಲೋಜೆನ್. ಅದರ ವೈರಿಗೆ ಪ್ಲಗ್ ಇರ್ಲಿಲ್ಲ, ತುದಿ ಸುಲಿದು ಎಕ್ಸ್‌ಟೆನ್ಷನ್ ಬೋರ್ಡಿನ ತೂತಿಗೆ ತುರುಕಿ ಜಾರಬಾರದು ಅಂತ ಎರಡು ಬೆಂಕಿಕಡ್ಡಿ ಸಿಕ್ಕಿಸಿದ್ರು, ಆ ಬೋರ್ಡೂ ಹೊಟ್ಟೆ ಒಳಗೇ ಇತ್ತು. ಮಧ್ಯಾಹ್ನ ಕರೆಂಟ್ ಹೋಯ್ತು. ಇವನು ಕತ್ತಲಲ್ಲೇ ಕೂತ, ಮೇಲೆ ಬಂದು ಮತ್ತೆ ಇಳಿಯೋದು ಯಾಕೆ ಅಂತ. ಹತ್ತು ನಿಮಿಷ ಬಿಟ್ಟು ಕರೆಂಟ್ ಬಂತು, ಬೋರ್ಡಲ್ಲಿ ಚಟ್ ಅಂತ ಒಂದು ಸದ್ದು, ಅಷ್ಟೇ. ಸಿನಿಮಾದಲ್ಲಿ ತೋರಿಸೋ ಹಾಗೆ ಢಮಾರ್ ಅಂತೇನೂ ಆಗಲ್ಲ ಮಾರಾಯ್ರೇ, ಗ್ಯಾಸ್ ಒಲೆ ತಡವಾಗಿ ಹಚ್ಚಿದಾಗ ಭುಸ್ ಅನ್ನತ್ತಲ್ಲ, ಅದನ್ನ ನೂರು ಪಟ್ಟು ಮಾಡಿದ ಹಾಗೆ ಒಂದು ಭುಸ್, ಹೊಟ್ಟೆಯ ಬಾಯಿಂದ ಹಳದಿ ಬೆಂಕಿ ಒಂದಾಳು ಎತ್ತರ ಎದ್ದು ಹಾಗೇ ಒಳಗೆ ಕೂತ್ಬಿಡ್ತು. ಎರಡೂ ಕೈ, ಕುತ್ತಿಗೆ, ಒಂದು ಕಿವಿ. ಜೀವ ಉಳೀತು, ಬಲಗೈ ಬೆರಳು ಇವತ್ತಿಗೂ ಪೂರ್ತಿ ಮಡಚೋಕೆ ಬರಲ್ಲ. ಇಲ್ಲಿಂದ ಗೋವಾಕ್ಕೆ ಒಯ್ದೆವು. ಈ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ನಾವೆಲ್ಲ ಎಷ್ಟು ವರ್ಷದಿಂದ ಕೂಗ್ತಿದೀವಿ, ಅದು ಬೇರೆ ಪತ್ರ, ಇಲ್ಲಿ ಬೇಡ.

ಶೆಡ್‌ನಲ್ಲಿ ಒಂದು ಫೈರ್ ಎಕ್ಸ್‌ಟಿಂಗ್ವಿಷರ್ ಇತ್ತು. ಕಂಬಕ್ಕೆ ತೂಗಿದ್ರು, ಅದರ ಮೇಲೆ ನಾಲ್ಕು ರೈನ್‌ಕೋಟ್ ಒಣಗ್ತಿದ್ದವು, ತಂದಾಗಿನ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರ್ಲಿಲ್ಲ. ಪಿನ್ ಎಲ್ಲಿ ಎಳೆಯೋದು ಅಂತ ಯಾರಿಗೂ ಗೊತ್ತಿಲ್ಲ. ಕೊನೆಗೆ ಒದ್ದೆ ಗೋಣಿಚೀಲ ಎಸೆದು ಬೆಂಕಿ ಆರಿಸಿದ್ವಿ. ಎದುರಿಗೆ ಕಡಲ ದಂಡೆ ತುಂಬ ಮರಳು, ಶೆಡ್‌ನಲ್ಲಿ ಒಂದು ಬಕೆಟ್ ಮರಳಿಲ್ಲ.

ಯಾಕೆ ಹೀಗಾಯ್ತು ಅಂತ ಆಮೇಲೆ ಎಲ್ಲರೂ ಮಾತಾಡಿದ್ದೇನು ಅಂದ್ರೆ 'ಶಾರ್ಟ್ ಸರ್ಕ್ಯೂಟ್'. ನಮ್ಮಲ್ಲಿ ಯಾವ ಬೆಂಕಿಗೂ ಅದೇ ಹೆಸರು. ಕಿಡಿ ಮನೇಲೂ ಬರುತ್ತೆ, ಫ್ಯಾನ್ ಸ್ವಿಚ್ ಹಾಕಿದಾಗ ಒಳಗೆ ಸಣ್ಣಗೆ ಹೊಳೆಯುತ್ತೆ, ಮನೆ ಸುಡಲ್ಲ. ಇಲ್ಲಿ ಸುಟ್ಟದ್ದು ಗಾಳಿ. ಅಸಿಟೋನ್‌ನ ಫ್ಲಾಶ್ ಪಾಯಿಂಟ್ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗೆ, ಅಂದ್ರೆ ಹಿಮ ಬೀಳೋ ಊರಲ್ಲೂ ಕಿಡಿ ತಾಗಿದ್ರೆ ಹತ್ತಿಕೊಳ್ಳೋವಷ್ಟು ಆವಿ ಬಿಡುತ್ತೆ, ಕಾರವಾರದ ಸೆಕೆಗೆ ಕೇಳ್ಬೇಕಾ. ರೆಸಿನ್‌ನಲ್ಲಿರೋ ಸ್ಟೈರೀನ್‌ದು 31 ಡಿಗ್ರಿ, ಮಳೆಗಾಲದಲ್ಲೂ ಹ್ಯಾಲೋಜೆನ್ ಬುಡದಲ್ಲಿ ಅಷ್ಟು ಬಿಸಿ ಆರಾಮಾಗಿ ಇರುತ್ತೆ. ಎರಡರ ಆವಿನೂ ಗಾಳಿಗಿಂತ ಭಾರ, ಅಸಿಟೋನ್‌ದು ಎರಡು ಪಟ್ಟು, ಸ್ಟೈರೀನ್‌ದು ಮೂರೂವರೆ ಪಟ್ಟು. ಹಾಗಾಗಿ ಬೋಟಿನ ಹೊಟ್ಟೆ ಅಂದ್ರೆ ಬಾವಿ ಇದ್ದ ಹಾಗೆ, ಆವಿ ಇಳಿದು ತಳದಲ್ಲಿ ಕೂರುತ್ತೆ, ಏಣಿ ಹತ್ತಿ ಆಚೆ ಹೋಗಲ್ಲ. ವಾಸನೆ ಬರುತ್ತಲ್ಲ ಗೊತ್ತಾಗುತ್ತೆ ಅಂತೀರೇನೋ, ಹತ್ತು ನಿಮಿಷ ಒಳಗೆ ಕೂತವನಿಗೆ ಮೂಗು ಸತ್ತೋಗುತ್ತೆ, ಅವನಿಗೆ ವಾಸನೇನೇ ಬರಲ್ಲ, ಮನೇಲಿ ಹೆಂಡತಿ ಅಂಗಿ ಮೂಸಿ ಬೈದಾಗಷ್ಟೇ ಗೊತ್ತಾಗೋದು.

ಒಂದು ಲೆಕ್ಕ ಕೂಡ ಹೇಳ್ಬಿಡ್ತೀನಿ. ಗಲ್ಫ್‌ನಲ್ಲಿ ಸೇಫ್ಟಿ ಕ್ಲಾಸ್‌ನಲ್ಲಿ ಬೋರ್ಡ್ ಮೇಲೆ ಬರೆದು ತೋರಿಸಿದ್ರು, ನಂಗೆ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. 1 ಲೀಟರ್ ಅಸಿಟೋನ್ ಪೂರ್ತಿ ಆವಿಯಾದ್ರೆ ಸುಮಾರು 330 ಲೀಟರ್ ಆವಿ. ಗಾಳಿಯಲ್ಲಿ ಅದು ನೂರಕ್ಕೆ ಎರಡೂವರೆ ಪಾಲು ಸೇರಿದ್ರೆ ಸಾಕು, ಹತ್ತಿಕೊಳ್ಳುತ್ತೆ. ಅಂದ್ರೆ 1 ಲೀಟರ್, 13 ಘನ ಮೀಟರ್ ಗಾಳಿಯನ್ನ ಕೆಡಿಸುತ್ತೆ, ನಮ್ಮ ಭಾಷೇಲಿ ಹೇಳೋದಾದ್ರೆ 8 ಅಡಿ ಉದ್ದ 7 ಅಡಿ ಅಗಲ 8 ಅಡಿ ಎತ್ತರದ ಒಂದು ಖೋಲಿ. ಬೋಟಿನ ಹೊಟ್ಟೆ ಹೆಚ್ಚುಕಡಿಮೆ ಅಷ್ಟೇ ಇರುತ್ತೆ, ಕೆಲವು ಅದಕ್ಕಿಂತ ಸಣ್ಣ. ತಳದಲ್ಲಿ ಮೊಳಕಾಲು ಮಟ್ಟಕ್ಕೆ ತುಂಬೋಕೆ ಒಂದು ಲೋಟ ಸಾಕು. ನಾವು ಅಲ್ಲಿ ಬಾಯಿ ತೆರೆದ ಕ್ಯಾನ್ ಇಡ್ತೀವಿ.

ಕೆಟಲಿಸ್ಟ್ ಕತೆ ಇನ್ನೂ ಬೇರೆ. ಎಂಇಕೆಪಿ ಅಂತಾರೆ, ಪೆರಾಕ್ಸೈಡ್, ನೋಡೋಕೆ ನೀರಿನ ಹಾಗೇ. ದೊಡ್ಡ ಕ್ಯಾನ್‌ನಿಂದ ಬಗ್ಗಿಸಿ ಕುಡಿಯೋ ನೀರಿನ ಬಾಟಲಿಗೆ ತುಂಬಿ ಮುಚ್ಚಳಕ್ಕೆ ತೂತು ಮಾಡಿ ಕೊಡ್ತಾರೆ, ಲೇಬಲ್ ಹಾಗೇ ಇರುತ್ತೆ, ನೀರಿನ ಕಂಪನಿದು! ಕಣ್ಣಿಗೆ ಸಿಡಿದ್ರೆ ಕಣ್ಣೇ ಹೋಗೋ ಪದಾರ್ಥ. ಪಕ್ಕದಲ್ಲೇ ರೆಸಿನ್ ಬೇಗ ಗಟ್ಟಿಯಾಗ್ಲಿ ಅಂತ ಹಾಕೋ ನೇರಳೆ ಬಣ್ಣದ ಕೋಬಾಲ್ಟ್ ಬಾಟಲಿ. ರೆಸಿನ್‌ಗೆ ಮೊದಲು ಕೋಬಾಲ್ಟ್ ಹಾಕಿ ಚೆನ್ನಾಗಿ ಕಲಸಿ ಆಮೇಲೆ ಕೆಟಲಿಸ್ಟ್ ಹಾಕ್ಬೇಕು, ಇವೆರಡೂ ನೇರ ಒಂದಕ್ಕೊಂದು ಸೇರಿದ್ರೆ ಬೆಂಕಿಕಡ್ಡಿಯೂ ಬೇಡ ಕಿಡಿಯೂ ಬೇಡ, ತಾನೇ ಕುದ್ದು ಸಿಡಿಯುತ್ತೆ. ಒಂದೇ ಅಳತೆ ಮುಚ್ಚಳದಲ್ಲಿ ಎರಡನ್ನೂ ಅಳೆಯೋದನ್ನ ನಾನು ಎಷ್ಟು ಶೆಡ್‌ನಲ್ಲಿ ನೋಡಿಲ್ಲ! ಕೆಟಲಿಸ್ಟ್ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆದು ಮನೆಗೆ ಹೋದ್ರೆ ಅದು ರಾತ್ರಿ ಒಳಗೊಳಗೇ ಕಾದು ಹೊತ್ಕೊಳ್ಳಬಹುದು. ಬಕೆಟಲ್ಲಿ ಮಿಕ್ಕಿದ ರೆಸಿನ್ ಕೂಡ ಹಾಗೇ, ತೆಳ್ಳಗೆ ಹರಡಿದ್ರೆ ಸುಮ್ನಿರುತ್ತೆ, ದಪ್ಪಗೆ ಬಕೆಟಲ್ಲೇ ಬಿಟ್ರೆ ಕೈ ಇಡೋಕಾಗದಷ್ಟು ಕಾದು ಹೊಗೆ ಬಿಡುತ್ತೆ. 2 ಕೆಜಿ ಮಿಕ್ಸ್ ಮಾಡಿಟ್ಟು ಊಟಕ್ಕೆ ಹೋಗಿ ಬರೋವಾಗ ಪ್ಲಾಸ್ಟಿಕ್ ಬಕೆಟ್ ಕರಗಿ ನೆಲಕ್ಕೆ ಅಂಟಿದ್ದನ್ನ ಸ್ವತಃ ಮಾಡಿಟ್ಟವ ನಾನು. ಮಾಲೀಕ ಬೈದದ್ದು ಬಕೆಟ್ ದುಡ್ಡಿಗೆ.

ಮಾನ್ಯರೇ, ಇದೆಲ್ಲ ಕಾನೂನಿಗೆ ಗೊತ್ತಿಲ್ಲದ ವಿಷಯ ಏನಲ್ಲ. 1948ರ ಫ್ಯಾಕ್ಟರಿ ಕಾಯ್ದೆಲೇ ಇತ್ತು. ಸೆಕ್ಷನ್ 36 ಇಂಥ ಮುಚ್ಚಿದ ಜಾಗಕ್ಕೆ ಇಳಿಯೋ ಬಗ್ಗೆ, 37 ಹೊತ್ತಿಕೊಳ್ಳೋ ಆವಿ, ಧೂಳಿನ ಬಗ್ಗೆ, 38 ಬೆಂಕಿ ಬಿದ್ರೆ ತಪ್ಪಿಸಿಕೊಳ್ಳೋ ದಾರಿ ಬಗ್ಗೆ. 36ಎ ಅಂತೂ ನಮ್ಮ ಹ್ಯಾಲೋಜೆನ್ ನೋಡಿಯೇ ಬರೆದ ಹಾಗಿತ್ತು, ಟ್ಯಾಂಕಿನಂಥ ಜಾಗದ ಒಳಗೆ ಕೈಲಿ ಒಯ್ಯೋ ದೀಪ 24 ವೋಲ್ಟ್ ಮೀರಬಾರದು, ಹೊತ್ತಿಕೊಳ್ಳೋ ಆವಿ ಇರಬಹುದಾದ ಕಡೆ ಒಳಗಿನ ಕಿಡಿ ಆಚೆ ಬಿಡದ ಫ್ಲೇಮ್‌ಪ್ರೂಫ್ ದೀಪ ಬಿಟ್ಟು ಬೇರೆ ಬೇಡ. ನಮ್ಮ ದೀಪ 230 ವೋಲ್ಟಿಂದು, ಪ್ರೂಫ್ ಅಂದ್ರೆ ಎರಡು ಬೆಂಕಿಕಡ್ಡಿ.

ಆದ್ರೆ ಆ ಕಾನೂನು ಹಿಡಿಯೋಕೆ ಶೆಡ್ ಮೊದಲು ಫ್ಯಾಕ್ಟರಿ ಅನ್ನಿಸ್ಕೋಬೇಕಲ್ಲ. ಹಳೇ ಕಾಯ್ದೆಲಿ ಪವರ್ ಬಳಸೋ ಕಡೆ 10 ಜನ ಬೇಕಿತ್ತು, ಈಗ ಬಂದಿರೋ 2020ರ ಕಾರ್ಮಿಕರ ಸುರಕ್ಷತೆ ಕೋಡ್‌ನಲ್ಲಿ 20 ಜನ. ನಮ್ಮ ಶೆಡ್‌ನಲ್ಲಿ ಇರೋದು 6 ಜನ, ಅದೂ ಎರಡು ತಿಂಗಳು. ನನ್ನ ತಮ್ಮನ ಕೈ ಸುಟ್ಟ ಮೇಲೆ ನಾನು ಹೋದ ಒಂದು ಕಚೇರಿಲಿ ಇದನ್ನೇ ಹೇಳಿದ್ರು, ತಲೆ ಲೆಕ್ಕ ಆಗಲ್ಲ ಅಂತ. ಇನ್ನೊಂದು ಕಡೆ ಬೋಟ್ ನಮ್ಮದು ಶೆಡ್ ನಮ್ಮದಲ್ಲ ಅಂದ್ರು. ಮತ್ತೊಂದು ಕಡೆ ಕಟ್ಟಡ ಇದ್ರೆ ನೋಡ್ತೀವಿ, ಟಾರ್ಪಾಲಿಗೆ ಎನ್‌ಒಸಿ ಹೇಗೆ ಕೊಡೋದು ಅಂತ ಕೇಳಿದ್ರು, ಅವರು ತಮಾಷೆಗೆ ಹೇಳಿದ್ದಲ್ಲ, ಅವರ ಕೈಲಿ ನಿಜವಾಗ್ಲೂ ಅದಕ್ಕೊಂದು ಫಾರಂ ಇಲ್ಲ. ಯಾರೂ ಒರಟಾಗಿ ಮಾತಾಡ್ಲಿಲ್ಲ, ಒಬ್ಬರು ಚಾ ಕೂಡ ಕುಡಿಸಿದ್ರು. ಆದ್ರೆ ಅಸಿಟೋನ್ ಆವಿಗೆ ತಲೆ ಎಣಿಸೋಕೆ ಬರಲ್ಲ ಸ್ವಾಮಿ, ಒಳಗೆ 6 ಜನ ಇದ್ದಾರಾ 60 ಜನ ಇದ್ದಾರಾ ಅಂತ ನೋಡಿ ಹೊತ್ತಿಕೊಳ್ಳಲ್ಲ. ನನ್ನ ದೂರು ಇಷ್ಟೇ, ಇಂಥ ಶೆಡ್ ಯಾವ ಕಚೇರಿಯ ರಿಜಿಸ್ಟರಿನಲ್ಲೂ ಇಲ್ಲ.

ಅದೇ ಹೊಸ ಕೋಡ್‌ನಲ್ಲಿ ಒಂದು ದಾರಿನೂ ಇದೆ. ಅಪಾಯದ ಕೆಲಸ ನಡೆಯೋ ಜಾಗಕ್ಕೆ ಜನರ ಲೆಕ್ಕ ನೋಡೋದು ಬೇಡ ಅಂತ ಕೇಂದ್ರ ಸರ್ಕಾರ ನೋಟಿಫೈ ಮಾಡಬಹುದು. ಫೈಬರ್ ಬೋಟ್ ಕೆಲಸವನ್ನ ಅದ್ರಲ್ಲಿ ಸೇರಿಸಿ ಅಂತ ಒಂದು ಶಿಫಾರಸು ತಮ್ಮ ಕಚೇರಿಯಿಂದ ರಾಜ್ಯ ಸರ್ಕಾರದ ಮೂಲಕ ಹೋದ್ರೆ ಅದಕ್ಕೊಂದು ತೂಕ ಇರುತ್ತೆ, ನನ್ನಂಥ ಎಂಜಿನ್ ರಿಪೇರಿಯವ ಡೆಲ್ಲಿಗೆ ಬರೆದ್ರೆ ಯಾರು ಓದ್ತಾರೆ.

ಆವಿ ಅಂದ್ರೇನು ಅಂತ ಈ ಜಿಲ್ಲೆಗೆ ಹೊಸದಾಗಿ ಹೇಳ್ಕೊಡ್ಬೇಕಾಗಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಕುಮಟಾ ತಾಲೂಕಿನ ಬರ್ಗಿಲಿ ಗ್ಯಾಸ್ ಟ್ಯಾಂಕರ್ ಪಲ್ಟಿಯಾಗಿ, ಗ್ಯಾಸ್ ಮನೆಗಳ ತನಕ ಹರಡಿ ಬೆಂಕಿಯಾಗಿ ಎಷ್ಟು ಮನೆ ದೀಪ ಆರಿತು. 2024ರ ಜುಲೈ 16ಕ್ಕೆ ಶಿರೂರು ಗುಡ್ಡ ಕುಸಿದಾಗ ಗಂಗಾವಳಿ ನದಿಗೆ ಬಿದ್ದು ತೇಲಿ ಹೋದ ಗ್ಯಾಸ್ ಟ್ಯಾಂಕರ್ ಖಾಲಿ ಮಾಡೋ ತನಕ ನಮ್ಮ ಕಡೆಯವರು ಒಲೆ ಹಚ್ಚೋಕೂ ಹೆದರಿದ್ರು. ಅಷ್ಟು ದೊಡ್ಡ ಟ್ಯಾಂಕರಿಗೆ ಹೆದರೋ ನಾವೇ ಕೊಯ್ದ ಎಣ್ಣೆ ಕ್ಯಾನ್ ಪಕ್ಕ ಬೀಡಿ ಹಚ್ತೀವಿ. ಮತ್ತೆ ಅದೇ ವರ್ಷ ಆಗಸ್ಟಲ್ಲಿ ಕಾಳಿ ನದಿಯ ಹಳೇ ಸೇತುವೆ ನಡುರಾತ್ರಿ ಬಿತ್ತಲ್ಲ, ಬಿದ್ದ ಮೇಲೆ ಎಲ್ಲ ಸೇತುವೆ ಚೆಕ್ ಮಾಡಿ ಅಂತ ಓಡಾಟ ಶುರುವಾಯ್ತು. ಶೆಡ್‌ಗಳ ವಿಷಯಕ್ಕೆ ಆ ಓಡಾಟ ಸ್ವಲ್ಪ ಮುಂಚೆನೇ ಆಗ್ಲಿ ಅಂತ ಈ ಪತ್ರ.

ಒಂದು ಮಾತು ಕೈ ಮುಗಿದು ಕೇಳ್ಕೊಳ್ತೀನಿ, ಈ ಪತ್ರ ಓದಿ ಶೆಡ್‌ಗಳಿಗೆ ಬೀಗ ಹಾಕೋಕೆ ಮಾತ್ರ ಆರ್ಡರ್ ಮಾಡ್ಬೇಡಿ. ಬೀಗ ಹಾಕಿದ್ರೆ ಕೆಲಸ ನಿಲ್ಲಲ್ಲ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಮರೆಗೋ ಯಾರದೋ ಮನೆ ಹಿತ್ತಲಿಗೋ ಹೋಗುತ್ತೆ, ಅಲ್ಲಿ ಮಕ್ಕಳೂ ಇರ್ತಾರೆ. ನನ್ನ ತಮ್ಮ ಸುಟ್ಕೊಂಡ ಶೆಡ್‌ನ ಮಾಲೀಕ ಕೆಟ್ಟ ಮನುಷ್ಯ ಅಲ್ಲ, ಆಸ್ಪತ್ರೆ ಬಿಲ್ ಅರ್ಧ ಅವನೇ ಕಟ್ಟಿದ, ಅವನ ಕೈಗೂ ಹಳೇ ಸುಟ್ಟ ಕಲೆ ಇದೆ. ಅವನಿಗೆ ಯಾರೂ ಹೇಳ್ಕೊಟ್ಟಿಲ್ಲ ಅಷ್ಟೇ.

ನಾನು ಕೇಳೋದು ದೊಡ್ಡದೇನಲ್ಲ. ಮೇ ತಿಂಗಳಲ್ಲಿ, ನಿಷೇಧ ಶುರುವಾಗೋಕೆ ಮುಂಚೆ, ಅಗ್ನಿಶಾಮಕ ದಳ, ಮೀನುಗಾರಿಕೆ ಇಲಾಖೆ, ಕಾರ್ಖಾನೆ ಇಲಾಖೆ, ಈ ಮೂರೂ ಕಡೆಯಿಂದ ಒಬ್ಬೊಬ್ಬರನ್ನ ಒಂದೇ ಜೀಪಲ್ಲಿ ಕೂರಿಸಿ ಕಾರವಾರದಿಂದ ಭಟ್ಕಳ ತನಕ ಶೆಡ್ ಶೆಡ್ ನೋಡಿ ಬರೋಕೆ ಹೇಳಿ. ಬೇರೆ ಬೇರೆ ಬಂದ್ರೆ ಅವರವರದ್ದಲ್ಲ ಅಂತ ಹೋಗ್ತಾರೆ, ಒಂದೇ ಜೀಪಲ್ಲಿ ಬಂದ್ರೆ ಹಾಗೆ ಹೇಳೋಕೆ ನಾಚಿಕೆ ಆಗುತ್ತೆ. ಎಲ್ಲಿ ಎಷ್ಟು ಶೆಡ್, ಯಾವುದ್ರಲ್ಲಿ ಎಷ್ಟು ಡ್ರಮ್ ರೆಸಿನ್ ಅಂತ ಒಂದು ಪಟ್ಟಿ ಆಗ್ಲಿ, ಬೆಂಕಿ ಬಿದ್ದು ಫೋನ್ ಮಾಡಿದಾಗ ಒಳಗೆ ಏನಿದೆ ಅಂತ ಅಗ್ನಿಶಾಮಕದವರಿಗೆ ಮುಂಚೇನೇ ಗೊತ್ತಿರ್ಬೇಕು, ಪೆರಾಕ್ಸೈಡ್ ಇರೋ ಕಡೆ ಆಮ್ಲಜನಕ ಅದರೊಳಗೇ ಇರುತ್ತೆ, ಬರೀ ಮುಚ್ಚಿದ್ರೆ ಆರಲ್ಲ. ಪಟ್ಟಿಗೆ ಬಂದ ಶೆಡ್‌ಗೆ ಮೊದಲ ವರ್ಷ ನೋಟಿಸ್ ಬೇಡ, ತರಬೇತಿ ಕೊಡಿ. ಕನ್ನಡ, ಕೊಂಕಣಿ ಎರಡರಲ್ಲೂ, ಹಿಂದಿಲೂ ಇರ್ಲಿ, ಈಗ ಕೆಲಸಕ್ಕೆ ಬರೋ ಹುಡುಗರಲ್ಲಿ ತುಂಬ ಜನ ಹೊರ ರಾಜ್ಯದವರು, ಡಬ್ಬದ ಮೇಲಿನ ಇಂಗ್ಲಿಷ್ ಅವರಿಗೂ ಬರಲ್ಲ ನಮಗೂ ಬರಲ್ಲ. ಎರಡನೇ ವರ್ಷವೂ ಹಾಗೇ ಇದ್ರೆ ಆಗ ನೋಟಿಸ್ ಕೊಡಿ, ನಾನೇ ಬಂದು ಶೆಡ್ ತೋರಿಸ್ತೀನಿ. ಮತ್ಸ್ಯ ಸಂಪದ ಯೋಜನೆಲಿ ದೋಣಿಗೆ ಸಹಾಯಧನ ಕೊಟ್ಟಿದ್ರಲ್ಲ, ಹಾಗೇ ಶೆಡ್‌ಗೊಂದು ಬ್ಲೋವರ್, ಒಂದು ಫ್ಲೇಮ್‌ಪ್ರೂಫ್ ದೀಪ, ಮುಚ್ಚಳ ತಾನೇ ಮುಚ್ಚಿಕೊಳ್ಳೋ ತಗಡಿನ ಕ್ಯಾನ್, ಇಷ್ಟಕ್ಕೂ ಏನಾದ್ರೂ ದಾರಿ ಇದ್ಯಾ ಅಂತ ತಾವು ನೋಡ್ಬೇಕು.

ಅಷ್ಟು ದಿನ ಕಾಯೋಕಾಗಲ್ಲ, ಹಾಗಾಗಿ ಶೆಡ್ ಮಾಲೀಕರಿಗೂ ಕೆಲಸದವರಿಗೂ ಇಲ್ಲೇ ನಾಲ್ಕು ಮಾತು. ಅಣ್ಣಂದಿರೇ, ಮೊದಲು ಅಸಿಟೋನ್ ಹೊಟ್ಟೆಯಿಂದ ಆಚೆ ತನ್ನಿ. ರೋಲರ್ ತೊಳೆಯೋದು ಆಚೆ, ಗಾಳಿಲಿ, ಅರ್ಧ ಲೀಟರ್ ಡಬ್ಬದಲ್ಲಿ, ಮುಚ್ಚಳ ಹಾಕಿ. ಕೈ ತೊಳೆಯೋಕೆ ಅಸಿಟೋನ್ ಬೇಡ, ಸೋಪಿನ ಪೇಸ್ಟ್ ಸಿಗುತ್ತೆ, ಚರ್ಮನೂ ಉಳಿಯುತ್ತೆ. ಟೇಬಲ್ ಫ್ಯಾನ್ ಒಳಗೆ ಇಡೋರಿಗೆ ಹೇಳ್ತಿದೀನಿ, ಅದರ ಸ್ವಿಚ್ಚಲ್ಲೂ ಕಿಡಿ ಇದೆ, ಬ್ಲೋವರ್ ಆಚೆ ಇಟ್ಟು ಪೈಪಲ್ಲಿ ಒಳ್ಳೇ ಗಾಳಿ ತಳಕ್ಕೆ ಬಿಡಿ, ತಳದ ಆವಿ ಎದ್ದು ಬಾಯಿಂದ ಹೋಗುತ್ತೆ. ಬಾಯಿಗೆ ಕಟ್ಟೋ ಟವೆಲ್ ಧೂಳು ತಡೆದೀತು, ಆವಿ ತಡೆಯಲ್ಲ. ಬೋರ್ಡು ಸ್ವಿಚ್ಚು ಮೊಬೈಲು ಎಲ್ಲ ಮೇಲೆ, ಒಬ್ಬ ಒಳಗಿದ್ರೆ ಒಬ್ಬ ಬಾಯಿ ಹತ್ರ ನಿಂತಿರ್ಬೇಕು. ರೆಸಿನ್ ಹಸಿ ಇರೋವಾಗ ಅದೇ ಶೆಡ್‌ನಲ್ಲಿ ಗ್ರೈಂಡರ್, ವೆಲ್ಡಿಂಗ್ ಬೇಡ, ಆಗಸ್ಟ್ 1 ಅಂತ ಬೋಟ್ ಮಾಲೀಕ ಎಷ್ಟೇ ಕುಣಿದ್ರೂ ಬೇಡ. ಕೆಟಲಿಸ್ಟ್ ಒಂದು ಮೂಲೆ, ಕೋಬಾಲ್ಟ್ ಎದುರು ಮೂಲೆ, ಅಳತೆ ಮುಚ್ಚಳ ಬೇರೆ ಬೇರೆ, ನೀರಿನ ಬಾಟಲಿ ಯಾವತ್ತೂ ಇಲ್ಲ. ಎರಡು ಬಕೆಟ್ ಮರಳು. ಎಕ್ಸ್‌ಟಿಂಗ್ವಿಷರ್ ಮೇಲಿನ ರೈನ್‌ಕೋಟ್ ತೆಗೀರಿ.

ಔಟ್‌ಬೋರ್ಡ್‌ನವರು ಮನೇಲಿ ಪೆಟ್ರೋಲ್ ತುಂಬಿಡೋದೂ ಇದೇ ಜಾತಿ ವಿಷಯ, ಲೈಸೆನ್ಸ್ ಇಲ್ದೆ 30 ಲೀಟರ್ ಮೀರಬಾರದು ಅಂತ 1934ರ ಪೆಟ್ರೋಲಿಯಂ ಕಾಯ್ದೆಲೇ ಇದೆ. ನನ್ನ ಅಂಗಡಿಲೂ ಒಂದು ಕಾಲಕ್ಕೆ ಜಾಸ್ತಿ ಇರ್ತಿತ್ತು, ಈಗ ಒಂದೇ ಕ್ಯಾನ್, ಅದೂ ಆಚೆ ತಗಡಿನ ಪೆಟ್ಟಿಗೆಲಿ.

ಮಾನ್ಯರೇ, ಕಾರವಾರ ಮತ್ತು ಅಂಕೋಲಾ ಕಡೆ ನಂಗೆ ಗೊತ್ತಿರೋ ಶೆಡ್‌ಗಳ ದಾರಿ, ಗುರುತು, ಎಲ್ಲಿ ಜೀಪ್ ಹೋಗುತ್ತೆ ಎಲ್ಲಿ ನಡೀಬೇಕು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದೀನಿ. ಮಾಲೀಕರ ಹೆಸರು ಬರೆದಿಲ್ಲ. ಸೋಮವಾರ ತಮ್ಮ ಕಚೇರಿಗೆ ತಂದು ಕೊಡ್ತೀನಿ, ಸುಟ್ಕೊಂಡ ನನ್ನ ತಮ್ಮನ್ನೂ ಕರ್ಕೊಂಡು ಬರ್ತೀನಿ, ಅವನ ಕೈ ನೋಡಿದ್ರೆ ನಾನು ಇಷ್ಟು ಉದ್ದ ಬರೆದದ್ದು ಬೇಕಾಗಲ್ಲ. ಬರೋದಾದ್ರೆ ಜೂನ್ 1ಕ್ಕೆ ಮುಂಚೆ ಬನ್ನಿ, ಆಮೇಲೆ ಟಾರ್ಪಾಲ್ ಇಳಿಸಿ ಕಲ್ಲು ಹೇರ್ತಾರೆ, ಹೊರಗಿಂದ ಏನೂ ಕಾಣಲ್ಲ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಳೇ ಫೈಬರ್ ಕೆಲಸಗಾರ,
ಕಾರವಾರ